ಕ್ಯಾಸೆಟ್ ದಾದಾಸಾಬರ ಗುಮಾನಿ

ದಾದಾಸಾಬರು ಸಂಜೆ ಅಂಗಡಿಗೆ ಬೀಗ ಹಾಕಿ ಗಲ್ಲಿಯ ತುದಿಯವರೆಗೆ ಹೋಗುತ್ತಾರೆ. ಅಲ್ಲಿಂದ ತಿರುಗಿ ಬಂದು ಬೀಗ ಎಳೆದು ನೋಡುತ್ತಾರೆ. ಆಮೇಲೆ ನನ್ನ ಬಾಗಿಲಿಗೆ ಬಂದು, "ಪರಿಮಳಕ್ಕಾ, ನೀವೂ ಒಮ್ಮೆ ಎಳದು ನೋಡ್ರಿ" ಎನ್ನುತ್ತಾರೆ. ಪಾಪ ಎಂದು ನಾನು ಹೊಲಿಗೆ ಬಿಟ್ಟು ಎದ್ದು ಹೋಗಿ ಎಳೆದರೆ, ಮಾರನೇ ದಿನ ಬೆಳಿಗ್ಗೆ ಮೊದಲ ಮಾತು: "ನಿನ್ನೆ ಯಾಕ್ರಿ ಅಷ್ಟು ಜೋರ ಎಳದ್ರಿ?" ಇಂಥವರ ಪಕ್ಕದಲ್ಲಿ ಅಂಗಡಿ ಇಟ್ಟುಕೊಂಡು ನನಗೂ ಗುಮಾನಿ ಅಂಟಿಕೊಂಡಿದ್ದರೆ ಅದು ನನ್ನ ತಪ್ಪಲ್ಲ.

ನಾನು ಬ್ಲೌಸ್ ಹೊಲಿಯುವವಳು. ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದು ಪ್ಲೈವುಡ್ ಹಲಗೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಬೇಕೆಂದು ಕಿವಿ ಕೊಡುವ ಅಗತ್ಯವೇ ಇಲ್ಲ. ಹಾಗಂತ ಕೊಡುವುದಿಲ್ಲ ಎಂದೇನೂ ನಾನು ಹೇಳುವುದಿಲ್ಲ.

ಅವರ ಅಂಗಡಿಯ ಬೋರ್ಡಿನಲ್ಲಿ 'ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡಲಾಗುವುದು' ಎಂದಿದೆ. ಅದರ ಕೆಳಗೆ ಅವರೇ ಬಣ್ಣದಲ್ಲಿ ಬರೆದುಕೊಂಡದ್ದು: 'ಕ್ಯಾಸೆಟ್ ಕೊಡುವಾಗ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ.' ಗಿರಾಕಿಯನ್ನು ಬಾಗಿಲಲ್ಲೇ ಕಳ್ಳನ ಹಾಗೆ ನೋಡುವ ಇಂಥ ಬೋರ್ಡು ಶಿರಸಿಯಲ್ಲಿ ಇನ್ನೊಂದಿಲ್ಲ.

ದಾದಾಸಾಬರು ಹುಟ್ಟಿದ್ದು ಕಿರವತ್ತಿಯಲ್ಲಿ. ತಂದೆ ಲಾರಿ ಡ್ರೈವರ್, ಮಗ ಅದೇ ಲಾರಿಯ ಕ್ಲೀನರ್. ಹೈವೇ ಪಕ್ಕದ ಧಾಬಾವೊಂದರಲ್ಲಿ ಟಿವಿಗೆ ವಿಸಿಆರ್ ಜೋಡಿಸಿ ಪಿಕ್ಚರ್ ಹಾಕುತ್ತಿದ್ದರಂತೆ. ಎಲ್ಲರೂ ಪಿಕ್ಚರ್ ನೋಡುತ್ತಿದ್ದರೆ ಈ ಮನುಷ್ಯ ಪೆಟ್ಟಿಗೆಯ ಹಿಂದೆ ಹೋಗಿ ವೈರು ನೋಡುತ್ತ ಕೂರುತ್ತಿದ್ದರು. ಲಾರಿ ಬಿಟ್ಟು ಯಲ್ಲಾಪುರದಲ್ಲಿ ಮದುವೆ ವಿಡಿಯೊದವರ ಲೈಟು ಹಿಡಿದರು. ಆಮೇಲೆ ಶಿರಸಿಗೆ ಬಂದು ಸ್ವಂತ ಕ್ಯಾಮರಾ ಹೊತ್ತರು. ಮೂರು ತಾಲೂಕಿನಲ್ಲಿ ಅವರು ಊಟ ಮಾಡದ ಮದುವೆ ಚಪ್ಪರವಿಲ್ಲ. ಊಟಕ್ಕೆ ಕೂತಾಗಲೂ ಕ್ಯಾಮರಾ ತೊಡೆಯ ಮೇಲೇ. "ಪಾಯಸ ಕ್ಯಾಮರಾಕ್ಕೆ ಬಡಸ್ಬೇಕಾ ನಿಮಗೆ ಬಡಸ್ಬೇಕಾ?" ಎಂದು ನನ್ನ ಮದುವೆಯಲ್ಲೇ ನಮ್ಮ ಚಿಕ್ಕಪ್ಪ ಕೇಳಿದ್ದರು.

ಎಲ್ಲರ ಕೈಗೂ ಮೊಬೈಲು ಬಂದು ಆ ಕಾಲ ಮುಗಿಯಿತು. ಕೆಲವು ವರ್ಷ ರೀಚಾರ್ಜ್ ಮಾಡುತ್ತ ಕೂತರು. ಆಮೇಲೆ ಜನ ಒಬ್ಬೊಬ್ಬರಾಗಿ ಅಟ್ಟದಿಂದ ಬೂಸಲು ಹಿಡಿದ ಕ್ಯಾಸೆಟ್ ಇಳಿಸಿಕೊಂಡು ಬಂದರು. ಮನೆಯಲ್ಲಿ ವಿಸಿಆರ್ ಇಲ್ಲ, ಇದ್ದರೂ ಓಡುವುದಿಲ್ಲ, ಏನಾದರೂ ಮಾಡಿ ಎಂದು. ದಾದಾಸಾಬರು ಒಂದು ಕಂಪ್ಯೂಟರ್ ಕೊಂಡು, ಅದರೊಳಗೆ ವಿಡಿಯೊ ಹಿಡಿಯುವ ಕಾರ್ಡು ಕೂರಿಸಿ ಕೆಲಸ ಶುರು ಮಾಡಿದರು.

ಶುರುವಿನಲ್ಲೇ ಬಾಯಿ ಸುಟ್ಟುಕೊಂಡರು. ಯಾವುದೋ ಪ್ರೋಗ್ರಾಮ್ ಹಾಕಿಕೊಂಡಿದ್ದರು. ಅದು ಮದುಮಗಳ ಮುಖದ ಮೇಲೇ ಅಡ್ಡಡ್ಡ ತನ್ನ ಹೆಸರು ಬರೆದು 'ಖರೀದಿಸಿ' ಎಂದಿತು. ಖರೀದಿಸಿದರು. ಮರುವರ್ಷ ಕಂಪ್ಯೂಟರು ತನ್ನಷ್ಟಕ್ಕೆ ಏನೋ ಹೊಸತು ಇಳಿಸಿಕೊಂಡು, ಕಾರ್ಡನ್ನು ನೋಡಿ ನೀನು ಯಾರು ಎಂದಿತು. ಅಲ್ಲಿಂದ ಮುಂದೆ ಮಜ್ಜಿಗೆಯನ್ನೂ ಊದಿ ಕುಡಿಯುವ ಮನುಷ್ಯನಾದರು.

ಮಗಳು ಅಫ್ಸಾನಾ ಯಲ್ಲಾಪುರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ಒಂದು ಭಾನುವಾರ ಬಂದು ಕಂಪ್ಯೂಟರಿನೊಳಗಿನ ಹಳೆಯದನ್ನೆಲ್ಲ ಒರೆಸಿ, ಅದನ್ನು ನಡೆಸಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಹಾಕಿದಳು. ಹಳೇ ಕಾರ್ಡನ್ನು ಅದು ಒಂದೇ ಏಟಿಗೆ ಗುರುತು ಹಿಡಿಯಿತು. ಸಂತೋಷಪಡಬೇಕಲ್ಲ? ಹಲಗೆಯ ಈಚೆ ಕೂತು ನಾನು ಕೇಳಿದ್ದು ಹೀಗೆ:

"ಇದಕ್ಕ ಎಷ್ಟು?"

"ಬಿಟ್ಟಿ ಅಬ್ಬಾ."

"ಬಿಟ್ಟಿ? ಮಾಡಿದವ್ರು ಯಾರು?"

"ಯಾರ್ಯಾರೋ. ಎಲ್ಲಾ ದೇಶದವ್ರೂ ಸೇರಿ ಮಾಡ್ತಾರ."

"ಅವ್ರಿಗೇನು ಲಾಭ?"

ಅಫ್ಸಾನಾ ಬಹಳ ಹೊತ್ತು ಹೇಳಿದಳು. ಕೊನೆಗೆ ದಾದಾಸಾಬರು ಎದ್ದು ಇಂಟರ್ನೆಟ್ಟಿನ ವೈರು ಕಿತ್ತು ಡ್ರಾವರಿನಲ್ಲಿಟ್ಟು ಬೀಗ ಹಾಕಿದರು. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಊರಿನಲ್ಲಿ ಬಿಟ್ಟಿ ಕೊಟ್ಟದ್ದಕ್ಕೆ ಹೆದರಿದವರು ಇವರೊಬ್ಬರೇ.

ಅವರ ಕೆಲಸ ನಾನು ಎಷ್ಟೋ ಸಲ ನೋಡಿದ್ದೇನೆ. ಕಪ್ಪು ಪರದೆ, ಅದರಲ್ಲಿ ಇರುವೆ ಸಾಲಿನ ಹಾಗೆ ಅಕ್ಷರ. ಒಂದು ಸಾಲು ಬರೆದು ಬಟನ್ ಒತ್ತಿದರೆ ಕ್ಯಾಸೆಟ್ ಓಡುತ್ತದೆ, ಕಂಪ್ಯೂಟರು ಹಿಡಿಯುತ್ತದೆ. ಕೆಳಗೆ ಒಂದು ಮೂಲೆಯಲ್ಲಿ, ಹಿಡಿಯುವಾಗ ಎಷ್ಟು ಚಿತ್ರ ಕೈತಪ್ಪಿ ಹೋದವು ಎಂಬ ಲೆಕ್ಕ. ಅದು ಸೊನ್ನೆಯಿದ್ದರೆ ದಾದಾಸಾಬರಿಗೆ ಉಸಿರು. ಒಂದಾದರೆ ಮತ್ತೆ ಮೊದಲಿನಿಂದ. ಚಿತ್ರ ನೋಡುವುದಿಲ್ಲ, ದನಿಯನ್ನಂತೂ ಪೂರ್ತಿ ಮುಚ್ಚಿಬಿಡುತ್ತಾರೆ. ಮದುವೆ ಕ್ಯಾಸೆಟ್ಟಿನ ಮೇಲೆ ಆಗಿನ ಕಾಲದಲ್ಲಿ ಅವರೇ ಕೂರಿಸಿದ ಅವವೇ ಸಿನಿಮಾ ಹಾಡುಗಳು. ಕೇಳಿ ಕೇಳಿ ಅವರಿಗೆ ತಲೆನೋವು.

ಹಿಡಿದದ್ದನ್ನು ಎರಡು ಮಾಡುತ್ತಾರೆ. ದೊಡ್ಡದು ಅಸಲು. ಕ್ಯಾಸೆಟ್ಟಿನಲ್ಲಿ ಹೇಗಿತ್ತೋ ಹಾಗೆ, ಒಂದು ಚುಕ್ಕೆ ತಿದ್ದುವಂತಿಲ್ಲ. ಗಿರಾಕಿಗೆ ಕೊಡುವ ಚಿಕ್ಕದು ನಕಲು. ಅಸಲಿಗೆ ಕಂಪ್ಯೂಟರಿನಿಂದ ಒಂದು ಬೆರಳಚ್ಚು ತೆಗೆಸುತ್ತಾರೆ. ಅಂಕೆ ಅಕ್ಷರ ಕಲಸಿದ ಒಂದು ಉದ್ದ ಸಾಲು. ಫೈಲಿನಲ್ಲಿ ಎಳ್ಳಷ್ಟು ಬದಲಾದರೂ ಈ ಸಾಲು ಬೇರೆಯಾಗುತ್ತದಂತೆ. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದು ಎಲ್ಲ ಫೈಲುಗಳ ಬೆರಳಚ್ಚನ್ನೂ ಮತ್ತೆ ತೆಗೆಸಿ ಹೋಲಿಸಿ ನೋಡುತ್ತಾರೆ. ತಾವೇ ಬೀಗ ಹಾಕಿದ ಅಂಗಡಿಯಲ್ಲಿ ತಮ್ಮದೇ ಫೈಲು ರಾತ್ರೋರಾತ್ರಿ ವೇಷ ಬದಲಿಸಿದೆಯೇನೋ ಎಂದು. ಅವರ ಹೆಂಡತಿ ಕುಬ್ರಾ ಒಮ್ಮೆ ನನ್ನ ಹತ್ತಿರ ಹೇಳಿದ್ದಳು, "ಮೂವತ್ತು ವರ್ಷ ಆತು ಅಕ್ಕಾ, ಇನ್ನೂ ನನ್ನ ಮುಖಾನೂ ಹಿಂಗೇ ಹೋಲಿಸಿ ನೋಡ್ತಾರ."

ನನಗೆ ಗುಮಾನಿ ಬಂದದ್ದು ಅದಕ್ಕಲ್ಲ. ಗಿರಾಕಿ ಪೆನ್‌ಡ್ರೈವ್ ತೆಗೆದುಕೊಂಡು ಹೋದ ಮೇಲೂ ಅಸಲು ಇವರ ಹತ್ತಿರ ಉಳಿಯುತ್ತದಲ್ಲ, ಅದು ಯಾಕೆ? ಒಂದು ಹಾರ್ಡ್‌ಡಿಸ್ಕ್ ಇಲ್ಲಿ, ಅದರ ಜೋಡಿ ಕಿರವತ್ತಿಯ ತಂಗಿಯ ಮನೆಯಲ್ಲಿ ಅಕ್ಕಿ ಡಬ್ಬದೊಳಗೆ. ಅರ್ಧ ಊರಿನ ಮದುವೆ, ಅತ್ತೆಮನೆ, ಅಳುವ ಹೆಣ್ಣುಮಕ್ಕಳು ಎಲ್ಲ ಒಬ್ಬ ಮನುಷ್ಯನ ಅಕ್ಕಿ ಡಬ್ಬದಲ್ಲಿ! ಅದರಲ್ಲಿ ನಾನೂ ಇದ್ದೇನೆ. ಕೇಳಿಯೇ ಬಿಟ್ಟೆ.

"ನಿಮ್ಮ ಪೆನ್‌ಡ್ರೈವ್ ಸತ್ತು ಹೋದ್ರ ಎಲ್ಲಿಗೆ ಬರ್ತೀರಿ? ನನ್ನ ಹತ್ರನ ಬರ್ತೀರಿ" ಎಂದರು. "ಬಂದಾಗ ಇಲ್ಲ ಅಂದ್ರ ದಾದಾಸಾಬ ಅಳಿಸಿದ ಅಂತೀರಿ. ಅದಕ್ಕ ಇಟ್ಟೀನಿ."

ಉತ್ತರ ಸರಿಯಾಗಿಯೇ ಇತ್ತು. ಅಷ್ಟು ಸರಿಯಾದ ಉತ್ತರ ಮೊದಲೇ ತಯಾರಿತ್ತು ಎಂಬುದೇ ನನಗೆ ಸರಿ ಕಾಣಲಿಲ್ಲ.

ಇಂಥ ಅಂಗಡಿಗೆ ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಹೊನ್ನಿ ಬಂದಳು. ಹುಲೇಕಲ್ ಕಡೆಯ ಒಕ್ಕಲು ಮನೆಯ ಹೆಂಗಸು, ನಲವತ್ತೇಳು ನಲವತ್ತೆಂಟು ವಯಸ್ಸು. ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ಹೆಸರಾದವಳು, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಗೆರೆ ಎಳೆದರೆ ದಾರ ಹಿಡಿದು ಎಳೆದಷ್ಟು ನೇರ. ನನ್ನ ಹತ್ತಿರ ಬ್ಲೌಸಿಗೆ ಬರುತ್ತಿದ್ದವಳು, ಆ ದಿನ ಪಕ್ಕದ ಬಾಗಿಲಿಗೆ ಹೋದಳು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟಳು. ತೊಂಬತ್ತೆಂಟರಲ್ಲಿ ಸಿದ್ದಾಪುರದ ಕಡೆಯ ತವರಿನಲ್ಲಿ ಆದ ಅವಳ ಮದುವೆ. ತೆಗೆದದ್ದು ದಾದಾಸಾಬರೇ.

"ಮಗಳು ರಕ್ಷಿತಾಂದು ಮುಂದಿನ ತಿಂಗ್ಳು ಮದಿ" ಎಂದಳು. "ನಮ್ಮವ್ವನ ಮುಖ ಒಂದ್ಸಲ ದೊಡ್ಡ ಟಿವಿಲಿ ನೋಡ್ಬೇಕಾಗಿತ್ತು. ದನಿಯಂತೂ ಎಲ್ಲೂ ಇಲ್ಲೆ. ಮುಖ ಆದ್ರೂ ಇರ್ಲಿ."

ಅವ್ವ ಎಂದರೆ ಪಾರ್ವತವ್ವ. ಸತ್ತು ಇಪ್ಪತ್ತು ವರ್ಷದ ಮೇಲಾಯಿತು. ಆ ಸೀಮೆಯಲ್ಲಿ ಮದುವೆ ಹಾಡು ಎಂದರೆ ಪಾರ್ವತವ್ವ. ಅರಿಶಿಣಕ್ಕೊಂದು, ನೀರು ತರುವುದಕ್ಕೊಂದು, ಹಸೆಗೆ ಕೂರಿಸುವುದಕ್ಕೊಂದು. ಅವರ ಮನೆಯಲ್ಲಿ ಹೆಣ್ಣನ್ನು ಹಸೆಗೆ ಕೂರಿಸುವ ಹಾಡನ್ನು ತಾಯಿಯೇ ಎತ್ತಬೇಕು, ಬೇರೆಯವರು ದನಿಗೂಡಿಸಬಹುದು ಅಷ್ಟೆ. ಹೊನ್ನಿಗೆ ಆ ಹಾಡಿನ ಅರ್ಧ ಬರುತ್ತಿತ್ತು. ಪೂರ್ತಿ ಬಲ್ಲವರೆಲ್ಲ ಹೋಗಿಬಿಟ್ಟಿದ್ದರು.

"ಕ್ಯಾಸೆಟ್ಟಲ್ಲಿ ಇರ್ಬೇಕಾಗಿತ್ತು. ಗಂಡಿನ ಕಡೆಯವ್ರು ಪಿಚ್ಚರ್ ಹಾಡು ಹಾಕ್ಸಿ ಹಾಳು ಮಾಡಿದ್ರು" ಎಂದಳು. ಇದನ್ನು ಅವಳು ನನ್ನ ಹತ್ತಿರವೂ ಎಷ್ಟೋ ಸಲ ಹೇಳಿದ್ದಳು.

ದಾದಾಸಾಬರು ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ನಿಮ್ಮದೇ ಹೌದಲ್ರಿ?" ಎಂದು ಕೇಳಿದರು.

ಬೂಸಲು ಒರೆಸಿದರು. ಹಳೇ ವಿಸಿಆರ್ ಟೇಪು ನುಂಗತೊಡಗಿದ್ದರಿಂದ ಹುಬ್ಬಳ್ಳಿಯ ಗುಜರಿಯಿಂದ ದಪ್ಪನೆಯ ಇನ್ನೊಂದನ್ನು ತಂದಿದ್ದರು, ರಿಮೋಟ್ ಇಲ್ಲದ್ದು. ಅದಕ್ಕೆ ಹಾಕಿ, ದನಿ ಮುಚ್ಚಿ, ಕಪ್ಪು ಪರದೆಯ ಮುಂದೆ ಕೂತು ಹಿಡಿದರು. ಕೈತಪ್ಪಿದ್ದು ಸೊನ್ನೆ. ಹೊನ್ನಿ ಪೆನ್‌ಡ್ರೈವನ್ನೂ ಕ್ಯಾಸೆಟ್ಟನ್ನೂ ತೆಗೆದುಕೊಂಡು ಬಸ್ಸಿಗೆ ಹೋದಳು.

ಎರಡೇ ದಿನಕ್ಕೆ ವಾಪಸು ಬಂದಳು. ಜೊತೆಗೆ ರಕ್ಷಿತಾ. ಇಬ್ಬರ ಮುಖವೂ ಸರಿ ಇರಲಿಲ್ಲ.

"ನಮ್ಮ ಕ್ಯಾಸೆಟ್ಟಿಗೆ ಎಂತ ಮಾಡಿಟ್ರಿ?" ಎಂದಳು ಹೊನ್ನಿ. "ಪಿಚ್ಚರ್ ಹಾಡೇ ಇಲ್ಲೆ. ಯಾರ್ಯಾರೋ ಹೆಂಗಸ್ರು ಹಾಡ್ತಾರೆ. ಸುರುವಲ್ಲೇ ಬಂದ್ ಮಾಡಿ ಬಂದ್ವಿ."

ನಾನು ಕತ್ತರಿ ಕೆಳಗಿಟ್ಟು ಅವರ ಅಂಗಡಿಯ ಬಾಗಿಲಿಗೆ ಹೋಗಿ ನಿಂತೆ. ಬಂದೇ ಬರುತ್ತದೆ ಎಂದು ನಾನು ಕಾದಿದ್ದ ದಿನ ಇದು. ಫೈಲು ಅದಲು ಬದಲಾಗಿದೆ, ಯಾರದೋ ಮದುವೆಯ ದನಿ ಇನ್ಯಾರಿಗೋ ಹೋಗಿದೆ. ಎಲ್ಲರದನ್ನೂ ಗುಡ್ಡೆ ಹಾಕಿಟ್ಟುಕೊಂಡರೆ ಇನ್ನೇನಾಗುತ್ತದೆ?

ರಕ್ಷಿತಾಳ ಗುಮಾನಿ ನನ್ನದಕ್ಕಿಂತ ಹೊಸ ಮಾದರಿಯದು. "ಇದು ಎಐ" ಎಂದಳು. "ಈಗ ಸತ್ತವ್ರ ಹತ್ರಾನೂ ಹಾಡಿಸ್ತಾರೆ, ಫೋನಲ್ಲಿ ದಿನಾ ಬರ್ತದೆ. ಅಮ್ಮ ಬಂದು ಅಜ್ಜಿ ಹಾಡಿನ ಕತೆ ಹೇಳಿದ್ಳು, ಇವ್ರು ಹಾಡು ಮಾಡಿಸಿ ಕೂರ್ಸಿಬಿಟ್ರು. ಆಮೇಲೆ ದುಡ್ಡು ಜಾಸ್ತಿ ಕೇಳೂಕೆ."

ದಾದಾಸಾಬರ ಮುಖ ಬಿಳಿಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಹಾಗೆ ಅವರು ಮೊದಲು ಮಾಡಿದ್ದು ಇಂಟರ್ನೆಟ್ ವೈರಿನ ಡ್ರಾವರು ತೆಗೆದು ನೋಡಿದ್ದು. ವೈರು ಅಲ್ಲೇ ಇತ್ತು. ಆಮೇಲೆ ಅಸಲಿನ ಬೆರಳಚ್ಚು ತೆಗೆಸಿದರು. ಹೊಂದಿತು. "ನೋಡ್ರಿ, ನಾ ಹಿಡದಾಗಿಂದ ಒಂದು ಚುಕ್ಕೀನೂ ಬದಲಾಗಿಲ್ಲ."

"ಹಿಡಿಯುವಾಗ್ಲೇ ಬದಲಾದ್ರೆ?" ಎಂದಳು ರಕ್ಷಿತಾ.

ದಾದಾಸಾಬರು ಕಪ್ಪು ಪರದೆಯನ್ನು ನೋಡಿದ ನೋಟದಲ್ಲಿ ಅವರಿಗೇ ಅದರ ಮೇಲೆ ಅನುಮಾನ ಬಂದದ್ದು ನನಗೆ ಕಂಡಿತು. ಬಿಟ್ಟಿ ಕೊಟ್ಟವರು ಕೊನೆಗೂ ಕೈಚಳಕ ತೋರಿಸಿದರು ಎಂದುಕೊಂಡಿರಬೇಕು. "ಅಫ್ಸಾನಾಗ ಅವತ್ತ ಹೇಳಿದ್ನಿ" ಎಂದು ಗೊಣಗಿದರು.

ಕಂಪ್ಯೂಟರನ್ನೇ ಬಿಟ್ಟು ಕ್ಯಾಸೆಟ್ಟನ್ನು ಸೀದಾ ಟಿವಿಯಲ್ಲಿ ಹಾಕಿ ನೋಡಿ ಎಂದೆ ನಾನು. ಜಗಳ ಬೇಗ ಮುಗಿದು ಹೊಲಿಗೆ ಮುಂದುವರಿಯಲಿ ಎಂದು ಹೇಳಿದ್ದೇ ಹೊರತು ಬುದ್ಧಿವಂತಿಕೆಯಿಂದ ಅಲ್ಲ. ರಕ್ಷಿತಾ ತಾನೇ ಕಂಪ್ಯೂಟರಿನ ವೈರು ಕಿತ್ತಳು. ಮೂಲೆಯಲ್ಲಿದ್ದ ಹಳೇ ಡಬ್ಬಾ ಟಿವಿಗೆ ವಿಸಿಆರ್ ಜೋಡಿಸಿದರು. ಹೊನ್ನಿ ತಂದಿದ್ದ ಕ್ಯಾಸೆಟ್ಟನ್ನು ತಾನೇ ಒಳಗೆ ತಳ್ಳಿದಳು.

ಚಿತ್ರ ಬಂತು. ಹಸೆ ಗೋಡೆ, ಬಾಸಿಂಗ, ಕ್ಯಾಮರಾದ ಲೈಟಿಗೆ ಕಣ್ಣು ಕಿರಿದು ಮಾಡಿ ಕೂತ ಇಪ್ಪತ್ತರ ಹೊನ್ನಿ. ದನಿಯೂ ಬಂತು. ಸಿನಿಮಾ ಹಾಡಲ್ಲ. ಹೆಂಗಸರ ಹಾಡು.

ದಾದಾಸಾಬರು ವಿಸಿಆರಿನ ಮುಂದೆ ಮಂಡಿಯೂರಿ, ಕಳ್ಳನ ಜೇಬು ಶೋಧಿಸುವ ಪೊಲೀಸನ ಹಾಗೆ ಅದರ ಮೈಯೆಲ್ಲ ತಡಕಾಡಿದರು. ಮುಂದಿನ ಚಿಕ್ಕ ಮುಚ್ಚಳದ ಹಿಂದೆ ಒಂದು ಗುಂಡಿ ಸಿಕ್ಕಿತು. ಅದನ್ನು ಪಕ್ಕಕ್ಕೆ ಸರಿಸಿದರು. ಹೆಂಗಸರ ಹಾಡು ನಿಂತು, ಅದೇ ಚಿತ್ರದ ಮೇಲೆ ತೊಂಬತ್ತೆಂಟರ ಸಿನಿಮಾ ಹಾಡು ಮೊಳಗಿತು. ಮತ್ತೆ ಸರಿಸಿದರೆ ಹೆಂಗಸರ ಹಾಡು. ಇನ್ನೊಮ್ಮೆ ಸರಿಸಿದರೆ ಸಿನಿಮಾ.

ದಾದಾಸಾಬರು ನೆಲದಲ್ಲೇ ಕೂತರು. ಆಮೇಲೆ ನಿಧಾನಕ್ಕೆ ಹೇಳಿದರು. ಆ ಒಂದು ವರ್ಷ ಅವರ ಹತ್ತಿರ ಹುಬ್ಬಳ್ಳಿಯಿಂದ ತಂದ ದೊಡ್ಡ ಹೆಗಲ ಕ್ಯಾಮರಾ ಇತ್ತು. "ಮಾರಿದವ ಹೇಳಿದ್ದ, ಇದು ದನೀನ ಎರಡು ಕಡೆ ಬರಿತೈತಿ ಅಂತ. ಟೇಪಿನ ಅಂಚಿಗೊಂದು, ಚಿತ್ರದ ಅಡಿಗೊಂದು. ಮಾರಾವ ಏನಾರ ಹೇಳ್ತಾನಂತ ನಾ ನಂಬಲಿಲ್ಲ." ಉಳಿದವರಿಗೆ ಹೊಸ ಕ್ಯಾಸೆಟ್ಟಿಗೆ ಇಳಿಸಿ ಹಾಡು ಸೇರಿಸುತ್ತಿದ್ದರು. ಹೊನ್ನಿಯ ಮನೆಯವರಿಗೆ ಖರ್ಚು ಬೇಡ ಎಂದು ಕ್ಯಾಮರಾದ ಕ್ಯಾಸೆಟ್ಟಿನ ಮೇಲೇ ಹಾಡು ಕೂರಿಸಿದ್ದರು. ಅದು ಅಂಚಿನ ದನಿಯನ್ನಷ್ಟೇ ಅಳಿಸಿತ್ತು. ಊರಿನಲ್ಲಿ ಇದ್ದ ವಿಸಿಆರುಗಳೆಲ್ಲ ಅಂಚನ್ನು ಮಾತ್ರ ಓದುವ ಸಾದಾ ಪೆಟ್ಟಿಗೆಗಳು. ಗುಜರಿಯಿಂದ ತಂದ ಈ ದಪ್ಪನೆಯದು ಅಡಿಯ ದನಿಯನ್ನೂ ಓದಿತ್ತು.

"ಗೋಡೆಗೆ ಕೆಮ್ಮಣ್ಣು ಬಳದ್ರೂ ಅಡಿಗೆ ಹಳೇ ಚಿತ್ತಾರ ಇರ್ತದಲ, ಹಂಗಾ?" ಎಂದಳು ಹೊನ್ನಿ.

"ಹಂಗೇ ಅನ್ರಿ."

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಹೊನ್ನಿಯ ಮುಖದಲ್ಲಿ ಸಂತೋಷ ಬರಲೇ ಇಲ್ಲ. ಟಿವಿಯ ಹತ್ತಿರಕ್ಕೆ ಸ್ಟೂಲು ಎಳೆದುಕೊಂಡು ಕೂತಳು. ಚಿತ್ರದಲ್ಲಿ ಹಾಡುವವರು ಕಾಣುತ್ತಿರಲಿಲ್ಲ. ಲೈಟೆಲ್ಲ ಮದುಮಗಳ ಮೇಲೆ, ಹೆಂಗಸರು ಹಿಂದಿನ ಕತ್ತಲಲ್ಲಿ. ತುಟಿ ನೋಡಿ ಗುರುತು ಹಿಡಿಯುವ ಹಾಗಿಲ್ಲ. ಒಂದು ದನಿ ಮುಂದೆ ಹೋಗುತ್ತಿತ್ತು, ತುಂಬು ದನಿ, ಎಲ್ಲೂ ಉಸಿರು ಕಟ್ಟದ್ದು. ಉಳಿದವು ಅದರ ಹಿಂದೆ.

"ಇದು ಅಜ್ಜಿ ದನಿಯೇನೇ?" ಎಂದು ರಕ್ಷಿತಾ ಕೇಳಿದಳು.

ಹೊನ್ನಿ ಕಣ್ಣು ಮುಚ್ಚಿ ಇನ್ನೊಂದು ಸಾಲು ಕೇಳಿದಳು. "ಅಲ್ಲ ಕಾಣ್ತದೆ" ಎಂದಳು. "ನಮ್ಮವ್ವಂದು ಒಡಕು ದನಿ."

ಪಾರ್ವತವ್ವ ಕೊನೆಯ ಎರಡು ವರ್ಷ ಕಾಯಿಲೆ ಬಿದ್ದಿದ್ದಳು. ಹೊನ್ನಿಯ ಕಿವಿಯಲ್ಲಿ ಉಳಿದದ್ದು ಆ ದನಿ. ಟೇಪಿನಲ್ಲಿ ಹಾಡುತ್ತಿದ್ದದ್ದು, ಹೌದಾಗಿದ್ದರೆ, ಈಗಿನ ಹೊನ್ನಿಯ ವಯಸ್ಸಿನ ಹೆಂಗಸು. ತಾಯಿಯ ದನಿ ತಾಯಿಯದೋ ಅಲ್ಲವೋ ಎಂದು ಮಗಳಿಗೇ ತಿಳಿಯದೆ ಹೋದದ್ದನ್ನು ನೋಡಿ ನಾನೂ ನಮ್ಮಮ್ಮನ ದನಿ ನೆನಪು ಮಾಡಿಕೊಳ್ಳಲು ಹೋದೆ. ಮಾತು ನೆನಪಾಯಿತು, ದನಿ ಬರಲಿಲ್ಲ.

"ಬೇರೆ ಯಾರದೋ ಮದಿದು ಆದ್ರೆ?" ಹೊನ್ನಿ ದಾದಾಸಾಬರ ಕಡೆ ತಿರುಗಿದಳು. "ನೀವು ಆಗ ಒಂದ್ರ ಮೇಲೆ ಒಂದು ತುಂಬ್ಸೂರು. ಹಳೇ ಕ್ಯಾಸೆಟ್ಟು ಕೊಟ್ಟಿರ್ಬೌದಲ? ಗೊತ್ತಿಲ್ದ ಹೆಂಗ್ಸಿನ ಹಾಡು ಕಲ್ತ್ಕಂಡು ನನ್ನ ಮಗಳ ಹಸೇಲಿ ಅವ್ವಂದು ಅಂತ ಹ್ಯಾಂಗೆ ಹೇಳ್ಲಿ?"

ದಾದಾಸಾಬರು ಎದೆ ಮೇಲೆ ಕೈಯಿಟ್ಟು ಆಣೆ ಮಾಡಲು ಹೋದವರು ಅರ್ಧಕ್ಕೇ ಕೈ ಇಳಿಸಿದರು. ಹಳೇ ಕ್ಯಾಸೆಟ್ ಕೊಟ್ಟಿರಲಿಕ್ಕಿಲ್ಲ ಎಂಬುದು ಅವರಿಗೂ ಖಾತ್ರಿ ಇರಲಿಲ್ಲ. ತಮ್ಮನ್ನೂ ನಂಬದ ಮನುಷ್ಯ, ಸುಳ್ಳು ಆಣೆ ಮಾಡಲಾರರು. ಅವತ್ತು ಅದೊಂದಕ್ಕೆ ನನಗೆ ಅವರ ಮೇಲೆ ಗೌರವ ಬಂತು.

ಟೇಪು ಓಡುತ್ತಲೇ ಇತ್ತು. ಅರಿಶಿಣದ ಹಾಡು ಮುಗಿಯಿತು. ಚಿತ್ರದಲ್ಲಿ ಮದುಮಗಳನ್ನು ಎಬ್ಬಿಸಿ ಹಸೆಯ ಕಡೆಗೆ ಕರೆದುಕೊಂಡು ಹೋದರು. ಹೊನ್ನಿ ಬೆನ್ನು ನೆಟ್ಟಗೆ ಮಾಡಿದಳು. ಆ ಹಾಡು ಈಗ ಬರಬೇಕಿತ್ತು. ದನಿ ಎತ್ತುವ ಮುಂಚೆ ಹೆಂಗಸರ ಗುಜುಗುಜು, ಬಳೆ ಸದ್ದು, ಯಾರೋ ಕೆಮ್ಮಿದ್ದು. ಅದರ ನಡುವೆ, ಮುಂದಾಗಿ ಹಾಡುತ್ತಿದ್ದ ಅದೇ ದನಿ ಮಾತಾಡಿತು.

"ಹಾಡು ಸಣ್ಣಕೆ ಹೇಳ್ರೇ. ಹೊನ್ನಿಗೆ ನಾಚ್ಕೆ ಆಗ್ತದಂತೆ, ಕ್ಯಾಮರಾದಲ್ಲಿ ಬತ್ತದಂತೆ."

"ಯಾರು ಹೇಳಿದ್ದೇ?" ಎಂದು ಇನ್ನೊಬ್ಬಳು ಕೇಳಿದಳು.

"ಅವಳೇ. ಬೆಳಿಗ್ಗೆ ಬಚ್ಚಲ ಒಲೆ ಹತ್ರ ಹೇಳ್ತು. ಇರ್ಲಿ ಬಿಡಿ, ಮದುಮಗಳು. ಸಣ್ಣಕೆ ಹೇಳ್ವ."

ದಾದಾಸಾಬರು ತಟ್ಟನೆ ಎದ್ದು ಟೇಪು ನಿಲ್ಲಿಸಲು ಕೈ ಚಾಚಿದರು. ಹೊನ್ನಿ ಆ ಕೈ ಹಿಡಿದು ಪಕ್ಕಕ್ಕೆ ತಳ್ಳಿದಳು.

"ಅವ್ವನೇ" ಎಂದಳು. "ಬಚ್ಚಲ ಒಲೆ ಹತ್ರ ನಾವಿಬ್ರೇ ಇದ್ದಿದ್ದು. ಮತ್ತೆ ಯಾರಿಗೂ ಗೊತ್ತಿಲ್ಲೆ."

ರಕ್ಷಿತಾ ತಾಯಿಯನ್ನೇ ನೋಡುತ್ತಿದ್ದಳು. "ಪಿಚ್ಚರ್ ಹಾಡು ಹಾಕ್ಸಿದ್ದು ಅಪ್ಪನ ಮನೆಯವ್ರು ಅಂತ ನೀನು ಅಂದಿದ್ದೆ?"

"ನಾನೇ" ಎಂದಳು ಹೊನ್ನಿ. "ಇವ್ರ ಹತ್ರ ನಾನೇ ಹೇಳಿದ್ದು. ನಮ್ಮವ್ವನ ಹಳ್ಳಿ ಹಾಡು ಬ್ಯಾಡ, ಗಂಡನ ಮನೆಯವ್ರು ನಗಾಡ್ತಾರೆ, ಪಿಚ್ಚರ್ ಹಾಡು ಹಾಕಿ ಅಂತ."

ದಾದಾಸಾಬರು ತಲೆ ತಗ್ಗಿಸಿದರು. ಅವರಿಗೆ ಇದು ಮೊದಲಿನಿಂದಲೂ ನೆನಪಿತ್ತು ಎಂದು ಆಗ ನನಗೆ ಗೊತ್ತಾಯಿತು. ಕ್ಯಾಸೆಟ್ಟು ತಂದ ದಿನವೇ ನೆನಪಿತ್ತು, ಹೇಳಿರಲಿಲ್ಲ. ಅರ್ಧ ಊರಿನ ಮದುವೆಯನ್ನು ಡಬ್ಬದಲ್ಲಿಟ್ಟುಕೊಂಡ ಮನುಷ್ಯನಿಗೆ ಇನ್ನೂ ಏನೇನು ಗೊತ್ತಿದೆಯೋ!

ಹಾಡು ಶುರುವಾಯಿತು. ಪಾರ್ವತವ್ವ ಎತ್ತಿದಳು, ಆದರೆ ಇಷ್ಟು ಹೊತ್ತು ಗೋಡೆ ದಾಟುವಂತಿದ್ದ ದನಿ ಈಗ ಬಾಗಿಲ ಹಿಂದೆ ನಿಂತು ಹೇಳಿದಷ್ಟು ಸಣ್ಣಗಾಗಿತ್ತು. ಮೊದಲ ಸಾಲುಗಳು ಹೇಗೋ ಕೇಳಿದವು, ಅವು ಹೊನ್ನಿಗೆ ಬರುವವೇ. ಅವಳ ತುಟಿಯೂ ಜೊತೆಗೆ ಆಡಿತು. ಬಾರದ ಸಾಲು ಬರುವ ಹೊತ್ತಿಗೆ ಚಪ್ಪರದಲ್ಲಿ ಯಾರೋ ಪಾತ್ರೆ ಎಳೆದರು, ಕ್ಯಾಮರಾದ ಹತ್ತಿರ ಗಂಡಸೊಬ್ಬ ನಕ್ಕ. ಹಾಡು ಅವುಗಳ ಅಡಿಗೆ ಹೋಯಿತು. ದಾದಾಸಾಬರು ಟಿವಿಯ ದನಿಯನ್ನು ಪೂರ್ತಿ ಏರಿಸಿದರು. ಪಾತ್ರೆಯ ಸದ್ದು ದೊಡ್ಡದಾಯಿತು, ಟೇಪಿನ ಸುಯ್ಯೆನ್ನುವ ಸದ್ದು ದೊಡ್ಡದಾಯಿತು, ಹಾಡು ಸಣ್ಣದಾಗಿಯೇ ಉಳಿಯಿತು.

"ಅಜ್ಜಿ ಎಂತ ಹೇಳ್ತಾಳೆ ಅಂತಾನೇ ತಿಳೀತಿಲ್ಲೆ" ಎಂದಳು ರಕ್ಷಿತಾ. ಅವಳ ದನಿಯಲ್ಲಿ ಅಳು ಇತ್ತು.

ಹೊನ್ನಿ ಸ್ಟೂಲು ಬಿಟ್ಟು ನೆಲಕ್ಕೆ ಜಾರಿ, ಟಿವಿಯ ಸ್ಪೀಕರಿಗೆ ಕಿವಿ ಹಚ್ಚಿದಳು. ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಹಿಡಿದುಕೊಂಡಿದ್ದಳು.

"ದೊಡ್ಡಕೆ ಹೇಳೇ ಅವ್ವಾ" ಎಂದಳು. "ದೊಡ್ಡಕೆ ಹೇಳೇ."

ಹೆಂಗಸರು ಸಣ್ಣ ದನಿಯಲ್ಲೇ ಹಾಡು ಮುಗಿಸಿದರು.